ಅಕ್ಕನ ಅಳು, ನನ್ನ ಗಂಟಲು

ಊರೆಲ್ಲ ನಮ್ಮಕ್ಕನದು ಎಂದು ನಂಬಿ ನಕ್ಕ ಆ ಅಳು ಇದೆಯಲ್ಲ, ಅದು ನನ್ನದು. ಮೂಗೆಳೆತ, ಬಿಕ್ಕು, ನಡುವೆ ಉಸಿರು ಸಿಕ್ಕಿಕೊಂಡಾಗಿನ 'ಹೆಕ್', ಎಲ್ಲ ಈ ಗಂಟಲಿನ ಕಸುಬು. ಕರುಮತ್ತಂಪಟ್ಟಿಯ ಒಂದು ಬೇಕರಿಯ ಮುಂದೆ, ಗೆಳೆಯರು ಕೊಡಿಸಿದ ಎಗ್ ಪಫ್ಸಿಗೆ ಅದನ್ನು ಮಾರಿಕೊಂಡೆ. ಪಫ್ಸಿನೊಳಗೆ ಮೊಟ್ಟೆ ಅರ್ಧವೇ ಇತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಮೋಸ ಹೋಗುವಾಗ ನಾನು ಕೆಲಸ ಅರ್ಧಕ್ಕೆ ಬಿಡುವವನಲ್ಲ.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ತಮಿಳು ಸೀಮೆಯ ನಮ್ಮೂರು ಸೋಮನೂರಿನಲ್ಲಿ ನಮ್ಮೆರಡು ಮನೆಗೂ ಒಂದೇ ಮಗ್ಗದ ಶೆಡ್ಡು, ಒಂದೇ ಅಂಗಳ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಪವರ್‌ಲೂಮಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮವರಿಗೆಲ್ಲ ಕೂಗುಗಂಟಲು. ಆ ಗದ್ದಲದಲ್ಲೂ ಕೇಳಿಸುವ ಹಾಗೆ ಹಾಡುತ್ತ ಬೆಳೆದ ಅಕ್ಕ ಒಂದು ತಮಿಳು ಚಾನೆಲ್ಲಿನ ಹಾಡಿನ ಸ್ಪರ್ಧೆಗೆ ಆಯ್ಕೆಯಾದಳು. ಬ್ಲೂಟೂತ್ ಇರುವ ಫೋನು ಕಾಲೇಜು ಹುಡುಗರ ಕೈಗೂ ಬಂದ ಕಾಲ ಅದು.

ಮೊದಲ ಸುತ್ತಿನಲ್ಲಿ ಚೆನ್ನಾಗಿಯೇ ಹಾಡಿ ಗೆದ್ದಳು. ಕೆಟ್ಟದ್ದು ಹಾಡಿನಲ್ಲಲ್ಲ, ಮಾತಿನಲ್ಲಿ. ತೀರ್ಪುಗಾರರು ಹೊಗಳಿದರು, ಅವಳಿಗೆ ಅಳು ಬಂತು. ನಿರೂಪಕ ಮೈಕು ಮುಂದೆ ಹಿಡಿದು, ಇನ್ನೂ ಏನಾದರೂ ಹೇಳುತ್ತೀರಾ ಎಂದು ತಮಿಳಿನಲ್ಲಿ ಕೇಳಿದ. 'ಪೋದುಂ' ಎನ್ನಬೇಕಾಗಿದ್ದ ಬಾಯಿ ಮನೆಯ ಮಾತಿಗೆ ಜಾರಿ "ಸಾಕು, ಸಾಕು" ಎಂದಿತು. ತಮಿಳು ಕಿವಿಗೆ ಅದು 'ಸಾಕ್ಕು'. ಸಾಕ್ಕು ಎಂದರೆ ಗೋಣಿಚೀಲ. ಅಕ್ಕ ಸ್ವಲ್ಪ ಮೈ ತುಂಬಿಕೊಂಡವಳು. ಇನ್ನು ಕೇಳಬೇಕೆ?

ಹುಡುಗರೆಲ್ಲ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಬಿದ್ದು ಒದ್ದಾಡುತ್ತಿದ್ದ ಒಂದು ಸೈಟಿನಲ್ಲಿ, ಅದು ಟೀವಿಯಲ್ಲಿ ಬಂದ ಮರುದಿನವೇ 'ಸಾಕ್ಕು ಮೂಟೆ' ಎಂಬ ಗುಂಪು ಎದ್ದಿತು. ಅಕ್ಕಿ ಮೂಟೆಗೆ ಅವಳ ಮುಖ ಅಂಟಿಸಿದ ಚಿತ್ರ. ಸ್ಟೇಜು ಮುರಿಯದೆ ಉಳಿದದ್ದು ಪುಣ್ಯ ಎಂದೊಬ್ಬ. ಇವಳು ಸತ್ತರೆ ಹೊರೋಕೆ ಲಾರಿ ಬೇಕು ಎಂದಿನ್ನೊಬ್ಬ. ಬರೆದವರಿಗೆಲ್ಲ ಸಿನಿಮಾ ಹೀರೋಗಳ ಮುಖ. ಸ್ವಂತ ಮುಖ ಒಬ್ಬನಿಗೂ ಇಲ್ಲ.

ನಾನು ಪಫ್ಸ್ ತಿಂದದ್ದು ಆ ವಾರವೇ. "ಡೇ, ನಿಮ್ಮಕ್ಕನ ಥರ ಅತ್ತು ತೋರ್ಸುಡಾ" ಎಂದರು. ನನ್ನಂಥ ಮಿಮಿಕ್ರಿಯವನಿಗೆ 'ತೋರ್ಸು' ಎನ್ನುವುದೂ ಒಂದೇ, ಎಮ್ಮೆಗೆ ಕೆರೆ ತೋರಿಸುವುದೂ ಒಂದೇ. ಇಳಿದೆ. ಯಾವನೋ ಫೋನಿನಲ್ಲಿ ಹಿಡಿದುಕೊಂಡ. ನೋಡನೋಡುತ್ತ ಅದು 'ಕ್ಯಾಮೆರಾ ಹಿಂದೆ ಸಾಕ್ಕು ಅತ್ತ ಒರಿಜಿನಲ್' ಎಂಬ ಹೆಸರು ಹೊತ್ತು ಬಸ್ಸುಗಳಲ್ಲಿ ರಿಂಗ್‌ಟೋನಾಗಿ ಮೊಳಗಿತು. ನಿಜ ಹೇಳಲೆ? ಮೊದಲು ನನಗೆ ಉರಿದದ್ದು ಅಕ್ಕನ ಸಲುವಾಗಿ ಅಲ್ಲ. ಅಷ್ಟು ಚೆಂದ ಅತ್ತವನು ನಾನು, ಹೆಸರು ಅವಳದಾ ಎಂದು.

ಉರಿ ದಿಕ್ಕು ಬದಲಿಸಿದ್ದು ಮನೆಯಲ್ಲಿ. ಅಕ್ಕ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಉಣ್ಣತೊಡಗಿದಳು. ಆಮೇಲೆ ತಟ್ಟೆ ಹೋದಂತೆಯೇ ವಾಪಸು ಬರತೊಡಗಿತು. ಫೋನು ಸದ್ದು ಮಾಡಿದರೆ ಏಟು ಬೀಳುತ್ತದೇನೋ ಎಂಬಂತೆ ಹೆಗಲು ಕುಗ್ಗಿಸುತ್ತಿದ್ದಳು. ಮುಂದಿನ ಸುತ್ತಿಗೆ ಬರುತ್ತೀರೋ ಇಲ್ಲವೋ ಎಂದು ಚಾನೆಲ್ಲಿನವರು ಕರೆಯುತ್ತಲೇ ಇದ್ದರು, ಎತ್ತಲಿಲ್ಲ. ಹಾಡು ನಿಂತಿತು. ಬಚ್ಚಲುಮನೆಯಲ್ಲೂ ನಿಂತಿತು. ದೊಡ್ಡಮ್ಮ ಅವಳನ್ನು ಪಟ್ಟಣದ ಆರ್.ಎಸ್. ಪುರಂನ ಒಬ್ಬ ಮನಸ್ಸಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಬೀದಿಯವರಿಗೆ ಸೀರೆ ತರೋಕೆ ಎಂದು ಹೇಳಿದ್ದರಿಂದ, ಬರುವಾಗ ಮಾತ್ರೆಗಳನ್ನು ಜವಳಿ ಅಂಗಡಿಯ ಕವರಿನಲ್ಲಿ ತಂದರು. "ಏನ್ ಕಲರ್ರು?" ಎಂದು ಪಕ್ಕದ ಮನೆಯಾಕೆ ಕೇಳಿದಾಗ "ತಿಳಿ ಗುಲಾಬಿ" ಎಂದರು. ಮಾತ್ರೆಯ ಬಣ್ಣ ಅದು.

ಆ ಗುಲಾಬಿ ನೋಡಿದ ಮೇಲೆ ನನಗೆ ಒಬ್ಬನ ತಲೆ ಬೇಕಾಯಿತು. ನನ್ನದು ಬಿಟ್ಟು ಬೇರೆ ಯಾರದಾದರೂ.

ಹುಡುಕಲು ಕಷ್ಟವೇನೂ ಆಗಲಿಲ್ಲ. ಗುಂಪು ನಡೆಸುತ್ತಿದ್ದವನು ಆಸೆಬುರುಕ. ನಮ್ಮಂಗಡೀಲಿ ರೀಚಾರ್ಜ್ ಮಾಡ್ಸಿದ್ರೆ ಸಾಕ್ಕು ಟೋನ್ ಫ್ರೀ ಎಂದು ತಾನೇ ಬರೆದುಕೊಂಡಿದ್ದ. ಅಂಗಡಿ ನಮ್ಮೂರ ಬಸ್ ಸ್ಟಾಂಡಿನ ಹತ್ತಿರದ್ದೇ. ನಂಬರು ಬೋರ್ಡಿನ ಮೇಲೇ ಇತ್ತು. ದೂರದ ಒಂದು ರೂಪಾಯಿ ಫೋನಿನಿಂದ ಕರೆ ಮಾಡಿದೆ. ಕಾಲೇಜಿನ ಪಿ.ಟಿ. ಮಾಸ್ತರರ ಗದರಿಕೆಗೆ ದೊಡ್ಡಪ್ಪನ ಕೆಮ್ಮು ಬೆರೆಸಿದರೆ ಒಬ್ಬ ಸೈಬರ್ ಕ್ರೈಂ ಇನ್‌ಸ್ಪೆಕ್ಟರ್ ತಯಾರು.

"ಯಾರ್ರಾ ಅದು, ಹೆಣ್ಣುಮಗು ಮುಖ ಮೂಟೆಗೆ ಅಂಟಿಸ್ದೋನು?"

"ನಾನಲ್ಲೀಂಗ ಸಾರ್, ನನಗೇನೂ ಗೊತ್ತಿಲ್ಲೀಂಗ."

ನಮ್ಮ ಕೊಂಗು ಸೀಮೆಯ ಮರ್ಯಾದೆ ಅದು. ಜೀವ ಹೋಗುವಾಗಲೂ ಮಾತಿನ ಬಾಲಕ್ಕೆ ಒಂದು 'ಂಗ' ಅಂಟಿಕೊಂಡೇ ಇರುತ್ತದೆ. ಅಷ್ಟರಲ್ಲಿ ಫೋನು 'ಕೀಂ' ಎಂದಿತು, ಇನ್ನೊಂದು ನಾಣ್ಯ ಹಾಕು ಎಂದು. ಇನ್‌ಸ್ಪೆಕ್ಟರ್ ಒಂದು ರೂಪಾಯಿ ಫೋನಿನಲ್ಲಿ ಮಾತಾಡುತ್ತಾರೆಯೆ? ಗಂಟಲು ಮಾತ್ರ ಕೈಬಿಡಲಿಲ್ಲ. "ಕೇಳ್ತಾ? ರೆಕಾರ್ಡಿಂಗ್ ಮೆಷಿನ್ ಅದು. ನೀನು ಹೇಳೋ ಸುಳ್ಳೆಲ್ಲ ಎಣಿಸ್ತಾ ಐತೆ" ಎಂದೆ. ಅವನು ಹೋ ಎಂದು ಅತ್ತ. ಆ ಅಳು ಕೇಳಿ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಸುಡುಬಿಸಿಲಲ್ಲಿ ಎಳನೀರು ಇಳಿದ ಹಾಗಿತ್ತು.

ಸಂಜೆಯೊಳಗೆ ಗುಂಪು ಮಾಯ. ನಾನು ಬಿಡಬೇಕಿತ್ತು, ಬಿಡಲಿಲ್ಲ. ದಿನಾ ಕರೆದೆ. ಒಂದು ದಿನ 'ನಾನೇ ಮೂಟೆ' ಎಂದು ಅವನ ಬಾಯಲ್ಲೇ ಹೇಳಿಸಿದೆ, ಗಿರಾಕಿಗಳ ಮುಂದೆ, ಜೋರಾಗಿ. ಇನ್ನೊಂದು ದಿನ, ಜೈಲಿನಲ್ಲಿ ಹೊದೆಯಲು ಕೊಡುವುದೂ ಗೋಣಿಯೇ ಎಂದು ತಿಳಿಸಿದೆ. ಅಕ್ಕ ಬಿಟ್ಟ ಒಂದೊಂದು ತುತ್ತೂ ಅವನ ಹೊಟ್ಟೆಯಿಂದ ಹೋಗಲಿ ಎಂಬ ಹಟ. ಆದರೆ ಇತ್ತ ಅಕ್ಕನ ತಟ್ಟೆ ತುಂಬಿದ್ದು ತುಂಬಿದಂತೆಯೇ ವಾಪಸು ಬರುತ್ತಿತ್ತು. ಸೈಟಿನಲ್ಲಿ ಅಳಿಸಿದ್ದು ಅವಳ ಕಿವಿಯಲ್ಲಿ ಅಳಿದಿರಲಿಲ್ಲ.

ಒಂದು ಭಾನುವಾರ, ಮಗ್ಗ ನಿಂತ ಬೆಳಿಗ್ಗೆ, ಆ ಅಂಗಡಿಯವನು ತಾಯಿಯ ಜೊತೆ ನಮ್ಮ ಅಂಗಳದಲ್ಲಿ ನಿಂತಿದ್ದ. ತಾಯಿಯ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಅವನ ಕಣ್ಣ ಸುತ್ತ ನಿದ್ದೆಗೆಟ್ಟ ಮಸಿ. ಜಗಲಿಯ ಮೇಲಿದ್ದ ನಾನು ಆ ಮಸಿಯನ್ನು ನೋಡಿ ಒಳಗೊಳಗೇ ಶಿಳ್ಳೆ ಹಾಕಿದೆ.

"ಮಗ ಉಣ್ತಾ ಇಲ್ಲೀಂಗಣ್ಣಾ. ಫೋನ್ ಅಂದ್ರೆ ಮಂಚದ ಕೆಳಗೆ ಹೋಗ್ತಾನೆ. ಕಂಪ್ಲೇಂಟು ವಾಪಸ್ ತಗೊಳ್ಳೀಂಗ" ಎಂದು ತಾಯಿ ದೊಡ್ಡಪ್ಪನಿಗೆ ಕೈ ಮುಗಿದಳು.

"ಯಾವ ಕಂಪ್ಲೇಂಟಮ್ಮಾ?" ಎಂದು ದೊಡ್ಡಪ್ಪ ಅಭ್ಯಾಸದಂತೆ ಕೆಮ್ಮಿದರು.

ಅವನು ಎಗರಿ ತಾಯಿಯ ಹಿಂದೆ ಅಡಗಿದ. "ಇನ್‌ಸ್ಪೆಕ್ಟರ್ ಸಾರ್! ಇವ್ರೇ ಅಮ್ಮಾ, ಇವ್ರೇ!"

ದೊಡ್ಡಪ್ಪ ಕಕ್ಕಾಬಿಕ್ಕಿ. ಆದರೆ ಅವರ ಕೆಮ್ಮನ್ನು ಕದಿಯುವವನು ಯಾರು ಎಂಬುದು ಮನೆಗೆಲ್ಲ ಗೊತ್ತು. ದೊಡ್ಡಮ್ಮ ನನ್ನ ಕಡೆ ತಿರುಗಿದರು, ಅಮ್ಮ ತಿರುಗಿದಳು, ಕೊನೆಗೆ ಅವನೂ ತಿರುಗಿದ. ಅವನ ಮುಖಕ್ಕೆ ಮತ್ತೆ ರಕ್ತ ಬಂತು.

"ಓಹೋ, ನೀನಾ! ಅಯ್ಯಾ, ಕೇಳೀಂಗ, ಆ ಅಳೋ ಟೋನೂ ಇವಂದೇ. ಬೇಕರಿ ಹುಡುಗರೇ ಹೇಳವ್ರೆ. ನಾನು ಬರೀ ಹಂಚ್ದೋನು!"

"ಬರೀ ಹಂಚ್ದೋನಾ? ಅನ್ನಸಂತರ್ಪಣೆ ಮಾಡ್ದೋನ ಥರ ಹೇಳ್ತೀಯಲ್ಲೋ!" ಎಂದು ಅಂಗಳಕ್ಕೆ ಹಾರಿದೆ. ಸಿಕ್ಕಿಬಿದ್ದ ಮಿಮಿಕ್ರಿಯವನಿಗೆ ಇರುವುದು ಒಂದೇ ಆಯುಧ. ಅವನು ಫೋನಿನಲ್ಲಿ ಅತ್ತದ್ದನ್ನು ಅವನ ತಾಯಿಯ ಎದುರೇ ಅತ್ತು ತೋರಿಸಿದೆ, ಸೊರಸೊರ ಸಮೇತ. ಅವನೇನು ಬಿಟ್ಟಾನೆಯೆ? ದಿನಾ ಕೇಳಿ ಬಾಯಿಪಾಠವಾಗಿದ್ದ ನನ್ನ ಟೋನನ್ನು ನನಗೇ ತಿರುಗಿಸಿ ಅತ್ತ. ಬೀದಿಯವರು ಗೋಡೆಯ ಮೇಲೆ ತಲೆ ಇಟ್ಟುಕೊಂಡು ನೋಡುತ್ತಿದ್ದರು. ಎರಡು ಗಂಡುಪ್ರಾಣಿ ಎದುರುಬದುರು ನಿಂತು, ಹೆಕ್, ಹೆಕ್.

ಒಳಕೋಣೆಯ ಬಾಗಿಲು ತೆರೆಯಿತು. ಕೆದರಿದ ತಲೆಯಲ್ಲೇ ಅಕ್ಕ ಅಂಗಳಕ್ಕೆ ಬಂದಳು. ಬೀದಿಯ ಕಣ್ಣಿಗೆ ಅವಳು ಬಿದ್ದು ಎಷ್ಟು ದಿನವಾಗಿತ್ತೋ. ಅದೇ ಮಧ್ಯಾಹ್ನ ಅವಳು ತಾನಾಗಿ, ಬರುತ್ತೇನೆ ಎಂದು ಚಾನೆಲ್ಲಿಗೆ ಫೋನು ಮಾಡಿದಳು. ಗುಲಾಬಿ ಮಾತ್ರೆ ಮಾತ್ರ ಇನ್ನೂ ಬಹಳ ತಿಂಗಳು ಬೇಕಾಯಿತು. ಆದರೆ ನನ್ನ ಯುದ್ಧ ಮುಗಿದದ್ದು ಆ ಅಂಗಳದಲ್ಲಿ. ಅವನಿಗೂ ತಿಳಿಯಲೆಂದು ತಮಿಳಿನಲ್ಲೇ ಅವಳು ಅಂದದ್ದು ಇಷ್ಟು:

"ಅಳೋದೇನೋ ಇಬ್ರೂ ನನಗಿಂತ ಚೆನ್ನಾಗಿ ಅಳ್ತೀರಿ. ಎಲ್ಲಿ, ನನ್ನ ಥರ ಹಾಡ್ರೋ ನೋಡೋಣ."