ನಾಲ್ಕು ಕೈ, ಒಂದು ಲಾಡಿ

ಪಾಲಯ್ಯ ಮೇಷ್ಟ್ರ ಪೈಜಾಮಾದ ಲಾಡಿ ಬಿಚ್ಚಿಕೊಂಡಿದ್ದು ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ, ಅದೂ ಅವರು ಹಳೆಯ ಶಿಷ್ಯನೊಬ್ಬನಿಗೆ ಶಿಸ್ತಿನ ಬಗ್ಗೆ ಉಪದೇಶ ಮಾಡುತ್ತಿದ್ದಾಗ. ಪೈಜಾಮಾವನ್ನು ಮೊಣಕೈಯಲ್ಲಿ ಒತ್ತಿ ಹಿಡಿದು ಕಂಬದ ಮರೆಗೆ ಸರಿದರು. ಶಿಷ್ಯ ಬಸ್ಸಿನ ಬೋರ್ಡು ಓದುವವನಂತೆ ಮುಖ ತಿರುಗಿಸಿದ. ಅಷ್ಟಾದರೂ ಶಿಸ್ತು ಬಂದಿತ್ತು.

ಚಿಕುನ್‌ಗುನ್ಯಾ ಬಂದು ಹೋದ ಮೇಲೆ ಮೇಷ್ಟ್ರ ಬೆರಳುಗಳು ಗಂಟು ಹಾಕುವುದನ್ನೇ ಮರೆತಿದ್ದವು. ಅದೃಷ್ಟಕ್ಕೆ ಬಳೆಗಾರ ಶಾಬುದ್ದೀನ್ ಎದುರಾದ.

"ಶಾಬು, ಬಾರಪಾ ಇಲ್ಲಿ. ಮರ್ಯಾದಿ ಜಾರಾಕತ್ತೈತಿ, ಒಂದು ಗಂಟು ಹಾಕು."

ಶಾಬುದ್ದೀನ್ ಲಾಡಿ ಹಿಡಿದ, ಜಾರಿತು. ಮತ್ತೆ ಹಿಡಿದ. ಮೇಷ್ಟ್ರೂ ಕೈ ಜೋಡಿಸಿದರು. ಗಂಟು ಬೀಳಲೊಲ್ಲದು. ಅವನ ಬೆರಳುಗಳೂ ಸೌದೆಯಂತೆ ಸೆಟೆದಿದ್ದವು. ಕೊನೆಗೆ ಹೂವಿನ ವಿರೂಪಮ್ಮ ಎದ್ದು ಬಂದು, "ಸುಮ್ಕ ನಿಂದ್ರರಿ ಸಾರ್, ಕುಣೀಬ್ಯಾಡ್ರಿ" ಎಂದು ಗದರಿ, ಮಲ್ಲಿಗೆ ಕಟ್ಟುವ ಗಂಟು ಬಿಗಿದು ಹೋದಳು.

ಮಾನ ಉಳಿದ ಮೇಲೆ ಮೇಷ್ಟ್ರಿಗೆ ಶಾಬುದ್ದೀನನ ಕೈಯದೇ ಚಿಂತೆ ಹತ್ತಿತು. ಅದೇನು ಸಾಮಾನ್ಯ ಕೈಯೇ? ಕುರುಗೋಡಿನ ಸಂತೆಯಿಂದ ದೇಶನೂರಿನ ಬಸುರಿಯರ ಕುಬಸದ ಮನೆಗಳವರೆಗೆ, ಯಾರ ಹೆಂಡತಿಯ ಕೈಯನ್ನಾದರೂ ಗಂಡನ ಎದುರಿಗೇ ಹಿಡಿಯಬಲ್ಲ ಗಂಡಸು ಅವನೊಬ್ಬನೇ. ಹೆಬ್ಬೆರಳನ್ನು ಅಂಗೈಗೆ ಮಡಚಿ ಒತ್ತುತ್ತಾ, "ಏನವ್ವ, ಅತ್ತಿ ಹೆಂಗದಾಳ?" ಎನ್ನುವನು. ಅವಳು ಅತ್ತೆಯ ಪುರಾಣ ಮುಗಿಸುವಷ್ಟರಲ್ಲಿ ಬಳೆಗಳು ಮಣಿಕಟ್ಟು ಸೇರಿರುತ್ತಿದ್ದವು. "ನನ್ನ ಕೈ ಹಿಡಿದವ್ರೊಳಗ ನೋವು ಮಾಡದವ ಶಾಬುದ್ದೀನ್ ಒಬ್ಬನ" ಎಂದು ಮೇಷ್ಟ್ರ ಹೆಂಡತಿ ಸರೋಜಾ ಮೇಷ್ಟ್ರ ಎದುರಿಗೇ ಹೇಳುತ್ತಿದ್ದರು.

ಈಗ ಅಂಗಡಿಯಲ್ಲಿ ಮಗಳು ಶಮಾ ಬಳೆ ಇಡಿಸುತ್ತಾಳೆ, ಒಡೆಯುತ್ತಾಳೆ. ಅವನು ಪಕ್ಕದಲ್ಲಿ ಕೂತು ಅತ್ತೆಯಂದಿರ ಕ್ಷೇಮ ಮಾತ್ರ ವಿಚಾರಿಸುತ್ತಾನೆ.

"ನೀ ಬೆರಳಿನ ಕಸರತ್ತಿಗೆ ಯಾವ ವಾರ ಹೋಗ್ತಿ?" ಮೇಷ್ಟ್ರು ಕೇಳಿದರು.

"ಎಂಥಾ ಕಸರತ್ತು ಮೇಷ್ಟ್ರ?"

ಮೇಷ್ಟ್ರಿಗೆ ಆಶ್ಚರ್ಯ. ಇಬ್ಬರಿಗೂ ಅದೇ ಜ್ವರ, ಬಳ್ಳಾರಿಯ ಅದೇ ಡಾಕ್ಟರು. ಮೇಷ್ಟ್ರನ್ನು ಕೂರಿಸಿಕೊಂಡು, ಕಂಟೋನ್ಮೆಂಟಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸಿಕೊಳ್ಳಿ ಎಂದು ತಿಳಿಹೇಳಿದ್ದರು. ಮೇಷ್ಟ್ರು ಈಗ ಹೊರಟಿದ್ದೂ ಅಲ್ಲಿಗೇ. ಶಾಬುದ್ದೀನನ ಟೊಪ್ಪಿಗೆ ನೋಡಿ ಮಾತ್ರ ಡಾಕ್ಟರು, "ನಿಮ್ಮ ಜನ ವಾರಾ ವಾರಾ ಎಲ್ಲಿ ಬರ್ತೀರಿ? ರೆಸ್ಟ್ ತಗೋ" ಎಂದಿದ್ದರಂತೆ.

"ನಿನಗೊಬ್ಬನಿಗ ಹಂಗಂದ್ರೋ?"

"ಇಲ್ರಿ, ಸುಗ್ರಾಬಿಗೂ ಹಂಗ, ಇಲಿಯಾಸ್‌ಗೂ ಹಂಗ. ನಮ್ಮ ಓಣಿಗೆ ಓಣೀನ ರೆಸ್ಟಿನಾಗೈತಿ."

ಮೇಷ್ಟ್ರು ಅವನ ತೋಳು ಹಿಡಿದು ಬಳ್ಳಾರಿ ಬಸ್ಸಿಗೆ ಎಳೆದರು.

"ನನ್ನನ್ಯಾರು ಕರದಾರ್ರಿ ಅಲ್ಲಿ?"

"ದಾರ್ಯಾಗ ನನ್ನ ಲಾಡಿ ಬಿಚ್ಚಿದ್ರ ಹಿಡ್ಕೊಳ್ಳಾಕ ಒಬ್ರು ಬೇಕು. ಹತ್ತು ಸುಮ್ನ."

ಕಂಟೋನ್ಮೆಂಟಿನ ಆಸ್ಪತ್ರೆಯ ಕೋಣೆಯಲ್ಲಿ ಫಿಸಿಯೋಥೆರಪಿ ಮಾಡಿಸುವ ಹುಡುಗಿ ಮೇಘಾ ಶಾಬುದ್ದೀನನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದಳು. ಊರ ಹೆಂಗಸರ ಕೈ ಹಿಡಿದವನು ಈಗ ತನ್ನ ಕೈ ಕೊಟ್ಟು, ಹೊಸ ಮದುವಣಗಿತ್ತಿಯಂತೆ ಹಲ್ಲು ಕಚ್ಚಿ ಕೂತಿದ್ದ.

"ಮತ್ತ ಬಳಿ ಇಡಸಾಕ ಬರ್ತೈತೇನವ್ವ?"

"ಬರ್ತೈತಿ ಚಾಚಾ. ಆದ್ರ ಭಾಳ ನಿಧಾನ. ಜ್ವರ ಬಿಟ್ಟ ಕೂಡ್ಲೆ ಬಂದಿದ್ರ ಇಷ್ಟೊತ್ತಿಗೆ ಮುಷ್ಟಿ ಮುಚ್ಚತಿತ್ತು. ಇಷ್ಟ ದಿನ ಏನ್ ಮಾಡ್ತಿದ್ರಿ?"

"ಡಾಕ್ಟ್ರು ಹೇಳಿದ್ದು ಒಂದಿನಾನೂ ತಪ್ಪಿಸಿಲ್ಲವ್ವ" ಎಂದ ಶಾಬುದ್ದೀನ್. "ಸುಮ್ನ ಕುಂತಿದ್ದೆ."