ಚಿಲಕಣ್ಣನ ಬಾಗಿಲು, ದೇವರ ಗಾಳಿ

ಟಾಕೀಸಿನಲ್ಲಿ ಬಾಗಿಲು ಕಾಯುವವನಿಗೆ ಅಪ್ಪ ಅಮ್ಮ ಏನು ಹೆಸರಿಟ್ಟಿದ್ದರು ಎನ್ನುವುದು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವನು ಚಿಲಕಣ್ಣ. ದಿನಾ ಚಿಲಕ ಹಾಕಿ ತೆಗೆಯುತ್ತೇನಲ್ಲ, ಅದಕ್ಕೇ ಈ ಹೆಸರು ಎಂದು ಅವನು ನಂಬಿದ್ದ. ಬಾಯಿಗೊಂದು ಚಿಲಕ ಇಟ್ಟುಕೊಳ್ಳಲಿ ಎಂದು ಉಳಿದವರು ಹಾಗೆ ಕರೆಯುತ್ತಿದ್ದರು.

ಅವನ ಸಿಟ್ಟಿಗೆ ಮನೆ ಮಠ ಇರಲಿಲ್ಲ, ಮೂಗಿನ ತುದಿಯಲ್ಲೇ ವಾಸ. ಆ ಸಿಟ್ಟಿನ ದೆಸೆಯಿಂದ ಇಸ್ಕೂಲು ಬೇಗ ಮುಗಿದಿತ್ತು. ಆಮೇಲೆ ಬೇಕರಿ ಸೇರಿದ. ಬನ್ನು ಹಳೇದಿದೆ ಎಂದ ಗಿರಾಕಿಗೆ, ನೀನೇನು ಇವತ್ತು ಬೆಳಿಗ್ಗೆ ಹುಟ್ಟಿದೀಯಾ ಎಂದು ಕೇಳಿ ಅಲ್ಲಿಂದ ಹೊರಬಿದ್ದ. ಲಾರಿ ಆಫೀಸಿನಲ್ಲಿ ಗುಮಾಸ್ತರ ಕೊರಳಪಟ್ಟಿ ಹಿಡಿದು ಅಲ್ಲಿಂದಲೂ ಬಿದ್ದ. ಕೊನೆಗೆ ಟಾಕೀಸು ಸಿಕ್ಕಿತು. ಅಲ್ಲಿ ಮಾತ್ರ ಅವನ ಸಿಟ್ಟಿಗೆ ಮರ್ಯಾದೆ. ಟಿಕೆಟ್ ಇಲ್ಲದೆ ನುಗ್ಗುವವರು, ಮುಂದಿನ ಸೀಟಿನ ಮೇಲೆ ಕಾಲು ಚಾಚುವವರು, ಹಾಡು ಬಂದಾಗ ಎದ್ದು ಕುಣಿಯುವವರು, ಇವರನ್ನೆಲ್ಲ ಬೈಯುವುದಕ್ಕೆ ಒಬ್ಬ ಬೇಕಲ್ಲ? ಮಾಲೀಕರು ಬಾಯಿಗೆ ಸಂಬಳ ಕೊಟ್ಟು ಇಟ್ಟುಕೊಂಡಿದ್ದರು.

ಟಾಕೀಸಿನ ಪಕ್ಕದ ಬಾಗಿಲು ದೊಡ್ಡದು, ಹಳೆಯದು, ಉಬ್ಬಿಕೊಂಡದ್ದು. ಒಳಗಡೆಗೆ ಎಳೆದು ತೆಗೆಯಬೇಕು, ಎಳೆಯುವ ಮೊದಲು ಭುಜ ಕೊಟ್ಟು ಎತ್ತಬೇಕು. ಸಿನಿಮಾ ಮುಗಿದು ಜನ ಬಂದು ಮೈಮೇಲೆ ಬಿದ್ದರೆ ಮುಗಿಯಿತು, ಅದು ತೆರೆಯುವ ಮಾತೇ ಇಲ್ಲ. ಅದಕ್ಕೆ ಚಿಲಕಣ್ಣ, ಯಾವ ಸಿನಿಮಾ ಇರಲಿ, ಮುಗಿಯಲು ಇನ್ನೂ ಸ್ವಲ್ಪ ಇರುವಾಗಲೇ ಬಾಗಿಲ ಮುಂದೆ ಇಳಿಬಿಟ್ಟ ಪರದೆಯ ಹಿಂದೆ ಸರಿದು ಸದ್ದಿಲ್ಲದೆ ಬಾಗಿಲು ತೆಗೆದಿಡುತ್ತಿದ್ದ. ಆಚೆ ಎರಡು ಎತ್ತರದ ಗೋಡೆಗಳ ನಡುವೆ ಬಿಸಿಲು ಕಾಣದ ಓಣಿ. ಓಣಿಯ ತುದಿಗೆ ಸೋಪಿನ ಕಾರ್ಖಾನೆ. ಬಾಗಿಲು ತೆರೆದದ್ದೇ ತಡ, ತಣ್ಣನೆಯ ಗಾಳಿ ಸೋಪಿನ ಘಮ ಹೊತ್ತುಕೊಂಡು ಒಳಗೆ ನುಗ್ಗುತ್ತಿತ್ತು. ವರ್ಷಗಟ್ಟಲೆ ಹೊಡೆದಾಟದ ಸಿನಿಮಾಗಳಲ್ಲೂ ಅದೇ ಗಾಳಿ ಬೀಸಿತ್ತು. ಆಗ ಯಾರೂ ಅಳಲಿಲ್ಲ. ಬೆವರು ಒರೆಸಿಕೊಂಡರು, ಅಷ್ಟೆ.

ಆಮೇಲೆ ಬಂತು ನೋಡಿ ದೇವರ ಸಿನಿಮಾ.

ಅದರ ಕಥೆ ಇಷ್ಟೇ. ಒಬ್ಬ ಕುರುಡ ನೀರು ಹೊರುವವನು. ತನಗೆ ಕಣ್ಣು ಕೊಡದ ದೇವರನ್ನು ಇಂಟರ್ವಲ್ಲಿನವರೆಗೂ ಬೈಯುತ್ತಾನೆ, ಇಂಟರ್ವಲ್ ಆದ ಮೇಲೆ ಹುಡುಕುತ್ತಾನೆ. ಕೊನೆಗೆ ದೇವರು ಬೆಳಕಾಗಿ ಬಂದು, "ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಮಗು" ಎನ್ನುತ್ತಾನೆ. ಸರಿಯಾಗಿ ಆ ಮಾತಿನ ಹೊತ್ತಿಗೇ ಚಿಲಕಣ್ಣನ ಬಾಗಿಲು ತೆಗೆಯುವ ಹೊತ್ತು. ಬೆಳಕು ತೆರೆಯ ಮೇಲೆ, ಗಾಳಿ ಮೈಮೇಲೆ, ಘಮ ಮೂಗಿಗೆ. ಮೊದಲ ದಿನವೇ ಒಬ್ಬಳು ಹೆಂಗಸು ಚೀರಿದಳು. ಮಾರನೆಯ ದಿನ ಒಂದು ಸಾಲಿಗೆ ಸಾಲೇ ಅತ್ತಿತು. ವಾರ ಕಳೆಯುವಷ್ಟರಲ್ಲಿ ಊರೆಲ್ಲ ಒಂದೇ ಮಾತು: ಆ ಟಾಕೀಸಿಗೆ ದೇವರು ಬರುತ್ತಾನೆ.

ಜನ ಬಂದರು. ಅಳುವುದಕ್ಕೇ ಅಂತ ದೊಡ್ಡ ಕರವಸ್ತ್ರ ತಂದರು. ಅತ್ತರು, ಆದರೆ ಕಡಲೆಕಾಯಿ ಸಿಪ್ಪೆಯನ್ನು ಕಾಲಡಿಗೆ ಎಸೆಯುವುದನ್ನು ಬಿಡಲಿಲ್ಲ. ದೇವರು ಬರುವ ಹೊತ್ತಿಗೆ ಮುಂದಿನವನ ತಲೆ ಅಡ್ಡ ಬಂದರೆ, ಬರೆಯಬಾರದ ಮಾತಿನಲ್ಲಿ ಆ ತಲೆಯನ್ನು ಬಗ್ಗಿಸಿದರು. ಹೊರಗೆ ಬಂದು, ಕೆನ್ನೆಯ ಮೇಲಿನ ಕಣ್ಣೀರು ಆರುವ ಮೊದಲೇ, ಸ್ಕೂಟರು ತೆಗೆಯುವ ಜಗಳದಲ್ಲಿ ಒಬ್ಬರ ಅಪ್ಪನನ್ನು ಇನ್ನೊಬ್ಬರು ನೆನೆಸಿಕೊಂಡರು.

ಇವರಿಗೆಲ್ಲ ಮುಂದಾಳು ಬಟ್ಟೆ ಅಂಗಡಿಯವರು. ಒಂದು ಆಟ ತಪ್ಪಿಸಿದವರಲ್ಲ. ಫ್ಯಾನಿನ ಗಾಳಿ, ದೇವರ ಗಾಳಿ ಎರಡೂ ಕಲಸುಮೇಲೋಗರ ಆಗುತ್ತಿದೆ, ಕೊನೆಯಲ್ಲಿ ಫ್ಯಾನು ನಿಲ್ಲಿಸಿ ಎಂದು ಮಾಲೀಕರಿಗೆ ಹೇಳಿದವರೂ ಅವರೇ. ಕರೆಂಟು ಉಳಿಯುವ ಭಕ್ತಿ ಎಂದರೆ ಮಾಲೀಕರಿಗೆ ಇನ್ನೂ ಇಷ್ಟ. ನಿಲ್ಲಿಸಿದರು.

ಚಿಲಕಣ್ಣ ಇದನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದ. ನಕ್ಕು ಸುಮ್ಮನಿದ್ದದ್ದಕ್ಕೆ ಕಾರಣ ಮನೆಯಲ್ಲಿತ್ತು. ಹೆಂಡತಿಯ ತಾಯಿ, ಅಂದರೆ ಅತ್ತೆ, ಇವರ ಜೊತೆಗೇ ಇದ್ದರು. ಮಾವ ತೀರಿಹೋದ ದಿನ ಅತ್ತೆಗೂ ಅವರಿಗೂ ಮಾತು ನಿಂತಿತ್ತು. ಒಂದು ಕೊಡೆ ಎಲ್ಲಿಟ್ಟೆ ಎನ್ನುವುದಕ್ಕೆ ಶುರುವಾದ ಜಗಳ. ಮಾತು ಬಿಟ್ಟ ಗಂಡ ಮಾತಾಡದೆಯೇ ಹೋಗಿಬಿಟ್ಟರು. ಅಂದಿನಿಂದ ಅತ್ತೆಗೆ ನಿದ್ದೆ ಇಲ್ಲ, ಅತ್ತೆಗೆ ನಿದ್ದೆ ಇಲ್ಲದ ಮೇಲೆ ಮನೆಯಲ್ಲಿ ಯಾರಿಗೂ ಇಲ್ಲ. ಅಂಥವರು ಈ ಸಿನಿಮಾ ನೋಡಿಬಂದ ದಿನ ಗೋಡೆಗೆ ಒರಗಿ, "ನಿಮ್ಮಪ್ಪ ಸಿಟ್ಟಿಲ್ಲ ಅಂದ್ರು ಕಣೇ. ಮೈ ಸವರಿ ಹೋದ್ರು" ಎಂದು ಮಗಳಿಗೆ ಹೇಳಿ, ಬೆಳಗಾಗುವವರೆಗೆ ಗೊರಕೆ ಹೊಡೆದಿದ್ದರು. ಎರಡನೇ ಸಲ ಹೋದಾಗಲೂ ಹಾಗೇ ಆಯಿತು. ಆ ಗೊರಕೆ ಕೇಳಿಯೇ ಚಿಲಕಣ್ಣ ಬಾಯಿ ಕಟ್ಟಿಕೊಂಡಿದ್ದ.

ಆದರೆ ಬಾಯಿ ಅವನದು, ಎಷ್ಟು ದಿನ ಕಟ್ಟಿದ್ದೀತು? ಒಂದು ಮಧ್ಯಾಹ್ನ ಆಟಕ್ಕೆ ಜನ ಸಾಲು ನಿಂತಿದ್ದರು. ಬಟ್ಟೆ ಅಂಗಡಿಯವರು ಅವನನ್ನು ಬೆರಳಿನಲ್ಲಿ ಕರೆದರು.

"ಏನಯ್ಯಾ, ದೇವರು ಬರೋ ಹೊತ್ತಲ್ಲಿ ಆ ಪರದೆ ಹತ್ರ ನೀನ್ಯಾಕೆ ಸುಳಿದಾಡ್ತೀಯಾ?"

"ನನ್ನ ಕೆಲಸ ಸ್ವಾಮಿ."

"ಕೆಲಸ ಮಣ್ಣು. ಗಾಳಿ ಆ ಕಡೆಯಿಂದ್ಲೇ ಬರೋದು. ನಿನ್ನ ಬೀಡಿ ಬಾಯಿ, ಬೆವರು ಮೈ ಸವರಿಕೊಂಡು ನಮಗೆ ಬರಬೇಕಾ? ಮೈಲಿಗೆ! ನಾಳೆಯಿಂದ ದೂರ ನಿಲ್ಲು."

ಚಿಲಕಣ್ಣನ ಕಿವಿ ಕೆಂಪಾಯಿತು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗೆ ಸಾಕಾಯಿತು.

"ರೀ ಸ್ವಾಮಿ! ಗಾಳಿ ನನ್ನ ಸವರಿ ಬರೋದಲ್ಲ, ಗಾಳಿ ಬಿಡೋನೇ ನಾನು! ಬಾಗಿಲು ತೆಗಿಯೋನು ನಾನು! ಅದು ಸೋಪಿನ ಫ್ಯಾಕ್ಟ್ರಿ ಗಾಳಿ ಕಣ್ರೀ, ನೀವು ಅಳ್ತಿರೋದು ಬಟ್ಟೆ ಸೋಪಿಗೆ!"

ಆಮೇಲೆ ಸಾಲನ್ನು ಹಿಡಿಯಲು ಸಾಧ್ಯವೇ? ನಾಸ್ತಿಕ ಎಂದರು, ಕುಡಿದಿದ್ದಾನೆ ಎಂದರು, ಇವನನ್ನು ಇಟ್ಟುಕೊಂಡ ಟಾಕೀಸಿಗೆ ಬರುವುದಿಲ್ಲ ಎಂದರು. ಎಂದರೇ ಹೊರತು ಸಾಲಿನಲ್ಲಿ ಹಿಡಿದ ಜಾಗ ಮಾತ್ರ ಒಬ್ಬರೂ ಬಿಡಲಿಲ್ಲ. ಮಾಲೀಕರು ಓಡಿ ಬಂದರು. ಮುಖ ಗಾಬರಿಯದು, ತಲೆ ವ್ಯಾಪಾರದ್ದು.

"ಒಂದು ಪರೀಕ್ಷೆ ಆಗಿಹೋಗಲಿ. ನಾಳೆ ಮಧ್ಯಾಹ್ನದ ಆಟಕ್ಕೆ ಆ ಬಾಗಿಲಿಗೆ ಬೀಗ. ಕೀಲಿ ಬಟ್ಟೆ ಅಂಗಡಿ ಯಜಮಾನ್ರ ಜೇಬಲ್ಲಿ. ಗಾಳಿ ಬರ್ಲಿಲ್ಲ ಅಂದ್ರೆ ಚಿಲಕ ಹೇಳಿದ್ದು ನಿಜ. ಬಂದ್ರೆ, ತೆರೆ ಮುಂದೆ ನಿಂತು ಎಲ್ರ ಎದುರಿಗೆ ತಪ್ಪಾಯ್ತು ಅನ್ಬೇಕು. ಇಲ್ಲಾಂದ್ರೆ ಕೆಲಸ ಬಿಟ್ಟು ಹೋಗ್ಬೇಕು. ಏನಯ್ಯಾ?"

"ಆಗ್ಲಿ ಸಾರ್! ಬೀಗ ಅಲ್ಲ, ಗಾರೆ ಹಾಕಿ ಮುಚ್ಚಿ!"

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಹೆಂಡತಿ ತಲೆ ಎತ್ತದೆ, "ರೀ, ನಿಮ್ಗೆ ಹೇಳೋಕೆ ಬೇರೆ ನಿಜ ಸಿಗ್ಲಿಲ್ವಾ?" ಎಂದಳು. ಅತ್ತೆ ಮಾರನೆಯ ದಿನದ ಆಟಕ್ಕೆ ಹೋಗಲು ಒಗೆದ ಸೀರೆ ತೆಗೆದಿಟ್ಟರು. ಆ ರಾತ್ರಿ ಗೊರಕೆ ಕೇಳಲಿಲ್ಲ.

ಪರೀಕ್ಷೆಯ ಆಟಕ್ಕೆ ಟಾಕೀಸು ಕಿಕ್ಕಿರಿದಿತ್ತು. ಸೀಟು ಸಿಗದವರು ಗೋಡೆಗೆ ಅಂಟಿಕೊಂಡಿದ್ದರು. ಬಾಗಿಲಿಗೆ ಬೀಗ ಬಿತ್ತು. ಹೊರಗೆ ಕೆಂಡದಂಥ ಬಿಸಿಲು. ಕುರುಡನ ಹುಡುಕಾಟ ಕೊನೆಗೆ ಬರುತ್ತಿದ್ದ ಹಾಗೆ ಮಾಲೀಕರು ಫ್ಯಾನು ನಿಲ್ಲಿಸಿದರು. ಇಡ್ಲಿ ಬೇಯಿಸುವ ಪಾತ್ರೆಯ ಮುಚ್ಚಳ ಹಾಕಿದ ಹಾಗಾಯಿತು. ಎಲ್ಲರ ಬೆನ್ನಿಗೂ ಅಂಗಿ ಅಂಟಿತು. ಚಿಲಕಣ್ಣ ಎಲ್ಲರಿಗೂ ಕಾಣುವ ಹಾಗೆ ಮುಂದಿನ ಕಂಬದ ಪಕ್ಕ ಕೈಕಟ್ಟಿ ನಿಂತು, ಗೆದ್ದ ಮುಖ ಮಾಡಿಕೊಂಡಿದ್ದ.

ತೆರೆಯ ಮೇಲೆ ಬೆಳಕು ಬಂತು. "ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಮಗು."

ಒಂದು ಎಲೆ ಅಲುಗುವಷ್ಟೂ ಗಾಳಿ ಇಲ್ಲ. ಜನ ಓರೆಗಣ್ಣಿನಿಂದ ಪಕ್ಕದವರನ್ನು ನೋಡಿದರು. ಪಕ್ಕದವರು ಇವರನ್ನು ನೋಡಿದರು. ಆಗ ಬಟ್ಟೆ ಅಂಗಡಿಯವರು ಎದ್ದು ಎರಡೂ ಕೈ ಮೇಲೆತ್ತಿದರು. ಅವರ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಬಂತು!"

"ಬಂತು, ಬಂತು!" ಎಂದಿತು ಹಿಂದಿನ ಸಾಲು.

"ಅಬ್ಬಾ, ಇವತ್ತು ಜೋರಾಗೇ ಬಂತು!" ಎಂದು ಒಬ್ಬಳು ಸೆರಗನ್ನು ಮೈತುಂಬ ಹೊದ್ದುಕೊಂಡಳು. ತಲೆಯಲ್ಲಿ ಹೆಸರಿಗೂ ಕೂದಲಿಲ್ಲದ ಒಬ್ಬ ನನ್ನ ಕೂದಲು ಹಾರಿತು ಎಂದ. ಘಮ ಘಮ ಎಂದು ಇನ್ನೊಬ್ಬ ಮೂಗರಳಿಸಿದ, ಅಲ್ಲಿ ಇದ್ದದ್ದು ಒಂದು ಟಾಕೀಸು ಬೆವರಿನ ನಾತ. ಒದ್ದೆ ಕರವಸ್ತ್ರ ಹಿಂಡುತ್ತಿದ್ದ ಮಾಲೀಕರು, "ನನಗೂ ಬಂತಪ್ಪಾ" ಎಂದರು. ಚಿಲಕಣ್ಣ ಹೆಂಗಸರ ಸಾಲಿನಲ್ಲಿ ಅತ್ತೆಯನ್ನು ಹುಡುಕಿದ. ಅವರೂ ಕೈ ಮುಗಿದು, "ಬಂತು" ಎಂದು ತುಟಿ ಆಡಿಸುತ್ತಿದ್ದರು.

ಅದನ್ನು ನೋಡಿ ಅವನು ಕಟ್ಟಿದ್ದ ಕೈ ಇಳಿಬಿಟ್ಟ. ಇಷ್ಟು ದಿನ ನಾನು ಗಾಳಿ ಬಿಟ್ಟರೆ ಇವರ ದೇವರು ಎಂದು ಬೀಗುತ್ತಿದ್ದವನು ಅವನು. ಈಗ ನೋಡಿದರೆ ಇವರಿಗೆ ಅವನ ಬಾಗಿಲೇ ಬೇಡ. ತೆರೆಯ ಮುಂದೆ ಹೋಗಿ ನಿಂತ. ಹಲ್ಲು ಕಚ್ಚಿಕೊಂಡೇ, "ತಪ್ಪಾಯ್ತು" ಎಂದ.

"ಕೇಳಿಸ್ಲಿಲ್ಲ!" ಎಂದರು ಬಟ್ಟೆ ಅಂಗಡಿಯವರು.

"ತಪ್ಪಾಯ್ತು ಅಂದೆನಲ್ರೀ! ಕಿವೀಲಿ ಏನಿಟ್ಕೊಂಡಿದೀರಿ?"

ಕ್ಷಮೆ ಅಂಗೀಕಾರವಾಯಿತು. ಭಕ್ತರೆಲ್ಲ ಪಕ್ಕದ ಬಾಗಿಲಿಗೆ ನುಗ್ಗಿದರು. ಬಟ್ಟೆ ಅಂಗಡಿಯವರು ಕೀಲಿ ಹುಡುಕಿ ಬೀಗ ತೆಗೆದರೂ ಬಾಗಿಲು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹಿಂದಿನವರು ತಳ್ಳಿದರು, ಮುಂದಿನವರು ಬಾಗಿಲಿಗೆ ಅಪ್ಪಚ್ಚಿಯಾದರು. "ಎಲ್ಲಿ ಸತ್ತ ಆ ಚಿಲಕ! ಬಾಗಿಲು ಮೊದ್ಲೇ ತೆಗೆದಿಡೋಕೆ ಏನು ರೋಗ ಅವನಿಗೆ!" ಎಂದು ಅರಚಿದವರು ಬೇರೆ ಯಾರೂ ಅಲ್ಲ, ಬಾಗಿಲಿಗೂ ಜನಕ್ಕೂ ನಡುವೆ ಸಿಕ್ಕಿಕೊಂಡಿದ್ದ ಬಟ್ಟೆ ಅಂಗಡಿ ಯಜಮಾನರೇ. ಚಿಲಕಣ್ಣ ಬೈದು, ನೂಕಿ, ಜನರನ್ನು ಹಿಂದೆ ಸರಿಸಿ, ಭುಜ ಕೊಟ್ಟು ಎತ್ತಿ ಎಳೆದ. ತಣ್ಣನೆಯ ಗಾಳಿ ಭರ್ರನೆ ಒಳಗೆ ನುಗ್ಗಿತು. ಯಾರೊಬ್ಬರೂ ಗಮನಿಸಲಿಲ್ಲ. ಸ್ಕೂಟರಿನ ಕಡೆ ಓಡುವ ಆತುರ.

ಅವನು ಮನೆಗೆ ಬಂದಾಗ ಹೆಂಡತಿ ಹೊಲಿದ ಬಟ್ಟೆ ಕೊಡಲು ಹೋಗಿದ್ದಳು. ಅತ್ತೆ ಒಬ್ಬರೇ ಕೂತಿದ್ದರು. ಮುಂದಿದ್ದ ಟೀ ಕೆನೆಗಟ್ಟಿತ್ತು.

"ಅಳಿಯಂದ್ರೇ, ಒಂದು ಮಾತು. ಯಾರಿಗೂ ಹೇಳ್ಬಾರ್ದು."

"ಏನು ಅತ್ತೆ?"

"ಇವತ್ತು ನನಗೆ ಬರ್ಲಿಲ್ಲ."

"ಹಾಂ?"

"ಗಾಳಿ. ಬರ್ಲಿಲ್ಲ."

ಚಿಲಕಣ್ಣ ಎಗರಿ ನಿಂತ. "ಮತ್ತೆ ಬಂತು ಬಂತು ಅಂದ್ರಲ್ಲಾ! ನಾನು ಕಣ್ಣಾರೆ ನೋಡ್ದೆ! ಏಳಿ, ಚಪ್ಪಲಿ ಹಾಕ್ಕೊಳ್ಳಿ. ಈಗ್ಲೇ ನಡೀರಿ ಆ ಬಟ್ಟೆ ಅಂಗಡಿಗೆ!"

"ಎಲ್ರೂ ಬಂತು ಅಂದ್ರಲ್ಲಪ್ಪಾ. ಅಷ್ಟು ಜನಕ್ಕೆ ಬಂದು ನನ್ನೊಬ್ಬಳಿಗೆ ಬರ್ಲಿಲ್ಲ ಅಂತ ಹೇಗೆ ಹೇಳ್ಕೊಳ್ಳಲಿ?" ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ಮೊದಲೆರಡು ಸಲ ಬಂದಿದ್ರು. ಇವತ್ತು ಬರ್ಲಿಲ್ಲ. ಮತ್ತೆ ಮಾತು ಬಿಟ್ಟರೇನೋ."

ಅವನ ಒಂದು ಕಾಲು ಆಗಲೇ ಚಪ್ಪಲಿಯಲ್ಲಿತ್ತು. ಇನ್ನೊಂದು ಹಾಗೇ ನಿಂತಿತು. ಅವನು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ ಎನ್ನುವುದಕ್ಕೆ ಇಡೀ ಊರಿನಲ್ಲಿ ಸಿಕ್ಕ ಒಂದೇ ಒಂದು ಸಾಕ್ಷಿ ಎದುರಿಗೆ ಕೂತಿತ್ತು. ಆ ಸಾಕ್ಷಿಯ ಗಲ್ಲ ನಡುಗುತ್ತಿತ್ತು. ಚಪ್ಪಲಿ ಕಳಚಿ ಬಂದು ಕೂತ.

"ಅತ್ತೆ, ನಿಮ್ಮ ಮುಂದೆ ಯಾರು ಕೂತಿದ್ದು?"

"ಆ ಬೇಕರಿಯವನ ಅಮ್ಮ."

"ಅಷ್ಟು ದಪ್ಪ ಹೆಂಗಸು ಅಡ್ಡ ಕೂತ್ರೆ ನಿಮಗೆಲ್ಲಿಂದ ಬರುತ್ತೆ? ಎಲ್ಲಾ ಅವರೇ ತಗೊಂಡ್ರು. ನಾಳೆ ಆ ಕಂಬದ ಪಕ್ಕ ಕೂತ್ಕೊಳ್ಳಿ, ಪರದೆ ಹತ್ರ."

"ಬರುತ್ತೆ ಅಂತೀರಾ?"

"ಬರ್ದೇ ಎಲ್ಲಿಗೆ ಹೋಗುತ್ತೆ? ನಾನಿದೀನಲ್ಲ... ಅಂದ್ರೆ, ದೇವರಿದ್ದಾನಲ್ಲ."

ಮಾರನೆಯ ದಿನ ಬಾಗಿಲಿಗೆ ಬೀಗ ಇರಲಿಲ್ಲ. ಮೊದಲಿನ ಹಾಗೆ ಬೇಗನೆ ತೆಗೆದಿಡು ಎಂದು ಮಾಲೀಕರೇ ಅಪ್ಪಣೆ ಕೊಟ್ಟಿದ್ದರು. ಅಪ್ಪಚ್ಚಿಯಾದ ಯಜಮಾನರ ಸೊಂಟ ಇನ್ನೂ ನೋಯುತ್ತಿತ್ತಂತೆ. ತೆರೆಯ ಮೇಲೆ ಬೆಳಕು ಬಂದಾಗ ಚಿಲಕಣ್ಣ ಭುಜ ಕೊಟ್ಟ. ಎಂದೂ ತೆಗೆಯದಷ್ಟು ಅಗಲಕ್ಕೆ ತೆಗೆದು, ಪರದೆಯನ್ನೂ ಕೈಯಲ್ಲಿ ಎತ್ತಿ ಹಿಡಿದ. ಕಂಬದ ಪಕ್ಕದ ಸೀಟಿನಲ್ಲಿ ಒಂದು ನರೆತ ಮುಂಗುರುಳು ಹಾರಿದ್ದು ಅವನಿಗೆ ಕಂಡಿತು.

ಸಂಜೆ ಅತ್ತೆಯ ಮುಖ ಬೆಳಗುತ್ತಿತ್ತು. ಅಳಿಯನಿಗೆ ತಾವೇ ಟೀ ತಂದುಕೊಟ್ಟರು.

"ಇವತ್ತು ಬಂತು ಅಳಿಯಂದ್ರೇ! ತಂಪಾಗಿ, ಮೊದಲಿನ ಹಾಗೇ. ಯಾಕೆ ಅಂತ ನನಗೀಗ ಗೊತ್ತಾಯ್ತು. ಬಾಗಿಲು ಗೀಗಿಲು ಅಂತ ನೀವು ಹಾಗೆಲ್ಲ ಅಂದ್ರಲ್ಲ, ಆ ಸಿಟ್ಟಿಗೇ ನಿನ್ನೆ ಬರ್ಲಿಲ್ಲ. ಆಮೇಲೆ ನೀವು ತಪ್ಪಾಯ್ತು ಅಂದ್ರಿ ನೋಡಿ, ಅದಕ್ಕೇ ಇವತ್ತು ಬಂತು."

"ನಿನ್ನೆ ಬಾಗಿಲಿಗೆ ಬೀಗ ಇತ್ತು, ಅದಕ್ಕೇ ಬರ್ಲಿಲ್ಲ" ಎನ್ನಲು ಅವನು ಬಾಯಿ ತೆರೆದ. ಮೆಷಿನ್ನಿನ ಹಿಂದಿನಿಂದ ಹೆಂಡತಿ ಕೆಕ್ಕರಿಸಿ ನೋಡಿದಳು. ಅವನ ಕಿವಿ ಕೆಂಪಾಗಿ, ಕೊರಳಿನ ನರ ಉಬ್ಬಿ ಬಂತು.

"ಹೌದು ಅತ್ತೆ" ಎಂದ. ಬಿಸಿ ಟೀಯನ್ನು ಒಂದೇ ಗುಟುಕಿಗೆ ಕುಡಿದು ಹೊರಗೆ ಹೋಗಿ, ಯಾರ ತಂಟೆಗೂ ಬರದೆ ಗೋಡೆಗೆ ಒರಗಿದ್ದ ತನ್ನ ಸೈಕಲ್ಲಿಗೆ ಜಾಡಿಸಿ ಒಂದು ಒದೆ ಕೊಟ್ಟ.