ತಮ್ಮಯ್ಯನ ಬೆಲ್ಲಕ್ಕೆ ಬಣ್ಣ ಹಾಕಿದವನು

ಪಾಂಡವಪುರದ ಚಲುವರಾಜುವಿಗೆ ಗಿರಾಕಿಗಳನ್ನು ಕಂಡರೆ ಮೈಯೆಲ್ಲ ಉರಿ. ಸುತ್ತಿನ ನಾಲ್ಕು ತಾಲ್ಲೂಕುಗಳ ಮದುವೆ ವಿಡಿಯೋಗಳಿಗೆ ಬಣ್ಣ ತಿದ್ದಿಕೊಟ್ಟು ಬದುಕುವವನು ಗಿರಾಕಿಗಳ ಮೇಲೆ ಇಷ್ಟು ಹಗೆ ಇಟ್ಟುಕೊಳ್ಳಬಾರದು, ನಿಜ. ಆದರೆ ಒಂದು ದಿನ ಅವನ ಕುರ್ಚಿಯಲ್ಲಿ ಕೂತು ನೋಡಿ. ಹೊಣಕೆರೆಯಿಂದ ಹೆಣ್ಣಿನ ಸೋದರಮಾವ ಧಾರೆ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಾನೆ. ಸೆರಗನ್ನು ಪರದೆಗೆ ಒತ್ತಿ ಹಿಡಿದು, "ಇದ್ಯಾವ ಬಣ್ಣ, ಅದ್ಯಾವ ಬಣ್ಣ? ಕಣ್ಣು ಕಾಣ್ತದಾ ನಿಂಗೆ?" ಎಂದು ಜೋರು ಮಾಡುತ್ತಾನೆ. ಅವನು ಇನ್ನೂ ಮೆಟ್ಟಿಲು ಇಳಿದಿರುವುದಿಲ್ಲ, ಗಂಜಾಂನಿಂದ ಇನ್ನೊಂದು ದಂಡು, ಇನ್ನೊಂದು ಸೀರೆ ಹಿಡಿದು ಹತ್ತಿ ಬರುತ್ತದೆ.

ಇವರಿಗೆಲ್ಲ ಚಲುವರಾಜು ಒಂದು ಮದ್ದು ಕಂಡುಕೊಂಡಿದ್ದ. ಮಾನಿಟರಿನ ಕೆಳಅಂಚಿನಲ್ಲಿ, ಹೊರಗೆ ಕಾಣದಂತೆ ಸಣ್ಣ ಬಟನ್ನುಗಳಿವೆ. ಅವುಗಳಿಂದ ಪರದೆಯ ಕೆಂಪು, ಹಸಿರು, ನೀಲಿಗಳನ್ನು ಏರಿಸಬಹುದು, ಇಳಿಸಬಹುದು. ಗಿರಾಕಿ ಸೀರೆ ಹಿಡಿದು ನಿಂತಾಗ ಚಲುವರಾಜು ಬಲಗೈಯಲ್ಲಿ ಕೀಬೋರ್ಡು ಕುಟ್ಟುತ್ತ ಏನೋ ಘನಕಾರ್ಯ ಮಾಡುವವನಂತೆ ಮುಖ ಮಾಡಿ, ಎಡಗೈಯಲ್ಲಿ ಆ ಬಟನ್ನು ಒತ್ತುತ್ತಿದ್ದ. ಪರದೆಯ ಬಣ್ಣ ಸೀರೆಯ ಹತ್ತಿರ ಬರುತ್ತಿತ್ತು. "ಹೂಂ, ಈಗ ಸರಿ ಆಯ್ತು ನೋಡು" ಎಂದು ಗಿರಾಕಿ ಮೀಸೆ ತಿರುವಿ ಹೊರಡುತ್ತಿದ್ದ. ವಿಡಿಯೋ ಮಾತ್ರ ಮೊದಲು ಹೇಗಿತ್ತೋ ಹಾಗೇ ಇರುತ್ತಿತ್ತು. ತಿದ್ದಿದ್ದು ಪರದೆಯನ್ನು, ಚಿತ್ರವನ್ನಲ್ಲ. ಅವನ ಬೆನ್ನು ತಿರುಗಿದ ಮೇಲೆ ಚಲುವರಾಜು ಬಟನ್ನುಗಳನ್ನು ಮೊದಲಿನ ಹಾಗೆ ಮಾಡಿ, ಮನಸಾರೆ ಬೈಯುತ್ತಿದ್ದ. ಏಳು ವರ್ಷದಲ್ಲಿ ಒಬ್ಬನೂ ಇದನ್ನು ಹಿಡಿಯಲಿಲ್ಲ.

ಆ ಮಾನಿಟರು ಬಂದಾಗಲೂ ಒಂದು ಜಗಳವಾಗಿತ್ತು. ಕೆ.ಆರ್. ಪೇಟೆಯ ರಘುನಂದನ್ ಇವನದೇ ಕೆಲಸ ಮಾಡುವವನು. ಒಂದು ಕಾಲಕ್ಕೆ ಇಬ್ಬರೂ ಮೈಸೂರಿನ ಒಂದೇ ಫೋಟೋ ಲ್ಯಾಬಿನಲ್ಲಿ ಪ್ರಿಂಟುಗಳ ಬಣ್ಣ ನೋಡುತ್ತಿದ್ದರು, ಒಬ್ಬರನ್ನೊಬ್ಬರು ಕಂಡರೆ ಆಗಲೂ ಆಗುತ್ತಿರಲಿಲ್ಲ. ಚಲುವರಾಜು ಅಂಗಡಿಗೆ ಹೋಗಿ, ಸಾಲಾಗಿ ಉರಿಯುತ್ತಿದ್ದ ಪರದೆಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು, ಎಲ್ಲಕ್ಕಿಂತ ಬೆಳ್ಳಗೆ ಹೊಳೆಯುವುದನ್ನು ತಂದಿದ್ದ. ಅದನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿ, ಗಿಳಿಹಸಿರು ಬಣ್ಣದ ಗೋಡೆಯ ಮುಂದೆ ಇಟ್ಟಿದ್ದ. ಒಂದು ಮದುವೆಯಲ್ಲಿ ಸಿಕ್ಕ ರಘುನಂದನ್ ಊಟದ ಪಂಕ್ತಿಯಲ್ಲೇ ಶುರುಮಾಡಿದ.

"ಆಟ ಆಡೋ ಮಾನಿಟರ್ ತಂದಿದ್ದೀಯಂತೆ? ಬೆಳ್ಳಗೆ ಕಾಣೋದೆಲ್ಲ ನೀಲಿ ಕಣ್ಲಾ. ನೀಲಿ ಪರದೇಲಿ ಕೂತು ತಿದ್ದಿದ್ರೆ ನಿನ್ ಕೈ ತಾನಾಗೇ ಅಳದಿ ಸುರೀತದೆ. ಕಂಪ್ಯೂಟ್ರೂ ಮಧ್ಯ ಬಣ್ಣದಲ್ಲಿ ಕೈ ಆಡುಸ್ತದೆ. ಅದುಕ್ಕೇ ಬ್ಯಾರೆ ಪೆಟ್ಟಿಗೆ ಆಕಿ, ಅದ್ರಿಂದ ಮಾನಿಟರಿಗೆ ವೈರು ಎಳೀಬೇಕು. ತಿಂಗಳಿಗೊಂದ್ ಸಲ ಮಿಷಿನ್ ಇಟ್ಟು ಬಣ್ಣ ಅಳೀಬೇಕು."

"ಕಣ್ಣಿಲ್ದೋರ್ಗೆ ಮಿಷಿನ್ ಬೇಕು" ಎಂದ ಚಲುವರಾಜು, ಪಾಯಸಕ್ಕೂ ಕಾಯದೆ ಎದ್ದ.

ಹಾಗೆ ಎದ್ದು ಬಂದರೂ ಅವನಿಗೆ ನಷ್ಟವೇನೂ ಆಗಲಿಲ್ಲ. ಏಕೆಂದರೆ ಮದುವೆ ವಿಡಿಯೋದಲ್ಲಿ ಅರಿಶಿನ ಹೆಚ್ಚಾದರೆ ಮುಕ್ಕಾಲು ಪಾಲು ಜನ ಖುಷಿಪಡುತ್ತಾರೆ. ಒಡವೆ ಮಿರಮಿರ ಮಿಂಚುತ್ತದೆ, ಹುಡುಗಿ ಬಂಗಾರದಂತೆ ಕಾಣುತ್ತಾಳೆ.

ಅಂಥವನ ಬಳಿಗೆ ಪಾಲಹಳ್ಳಿಯ ತಮ್ಮಯ್ಯ ಬಂದ. ಸ್ವಂತ ಕಬ್ಬು, ಸ್ವಂತ ಆಲೆಮನೆ. ಬೆಲ್ಲ ಹಳದಿಯಾಗಿ ಹೊಳೆಯಲೆಂದು ಬೇರೆಯವರು ಕೊಪ್ಪರಿಗೆಗೆ ಪುಡಿ ಸುರಿಯುತ್ತಾರಲ್ಲ, ಅದನ್ನು ತಮ್ಮಯ್ಯ ಮುಟ್ಟುವುದಿಲ್ಲ. ಅವನ ಬೆಲ್ಲ ಕಂದು, ಕಂದೆಂದರೆ ಕಪ್ಪಿಗೆ ಹತ್ತಿರದ ಕಂದು. ಮಂಡಿಯ ವ್ಯಾಪಾರಿಗಳು ಅದನ್ನು ನೋಡಿ ಮೂಗು ಮುರಿಯುತ್ತಿದ್ದುದರಿಂದ ಊರೂರಿಗೆ ತಾನೇ ಪಾರ್ಸಲ್ ಕಳಿಸಲು ಹೊರಟಿದ್ದ. ಜನರಿಗೆ ತೋರಿಸಲೆಂದು ಮೂರು ನಿಮಿಷದ ವಿಡಿಯೋ ತೆಗೆಸಿದ್ದ. ಬಣ್ಣ ತಿದ್ದುವುದಷ್ಟೇ ಬಾಕಿ.

ಚಲುವರಾಜು ತಿದ್ದಿ ತೋರಿಸಿದ. ತಮ್ಮಯ್ಯ ಚೀಲದಿಂದ ಒಂದು ಅಚ್ಚು ಬೆಲ್ಲ ತೆಗೆದು ಪರದೆಯ ಪಕ್ಕ ಹಿಡಿದ.

"ಇದು ನನ್ ಬೆಲ್ಲ ಅಲ್ಲ. ಇದು ಪುಡಿ ಆಕಿದ್ ಬೆಲ್ಲ."

"ಕೂತ್ಕೊಳಿ, ಮಾಡ್ತೀನಿ."

"ಬಣ್ಣವೇ ನಂಗೆ ಮುಖ್ಯ ಕಣಪ್ಪಾ. ಬ್ಯಾರೆ ಏನಾರ ಎಂಗಾದ್ರೂ ಇರ್ಲಿ."

ಬೆಲ್ಲ ಹಿಡಿದು ಬಂದ ಗಿರಾಕಿಯನ್ನು ಚಲುವರಾಜು ಅದುವರೆಗೆ ನೋಡಿರಲಿಲ್ಲ. ಸೀರೆಯಾಯಿತು, ಇನ್ನು ಇದೊಂದು ಬಾಕಿಯಿತ್ತು ಎಂದು ಒಳಗೊಳಗೇ ಕುದಿದ. ಬಲಗೈ ಕೀಬೋರ್ಡು ಕುಟ್ಟಿತು, ಎಡಗೈ ಬಟನ್ನು ಒತ್ತಿತು. ಪರದೆಯ ಬೆಲ್ಲ ಕಂದಾಗುತ್ತ ಬಂತು. ತಮ್ಮಯ್ಯ ಮೂರು ಸಲ ಅಚ್ಚನ್ನು ಹಿಡಿದು ನೋಡಿ, "ಇದು. ಇದೇ ನಂದು" ಎಂದು ಮಗುವಿನ ಹಾಗೆ ನಕ್ಕ. ಆ ಅಚ್ಚನ್ನು ಇವನ ಮೇಜಿನ ಮೇಲೇ ಬಿಟ್ಟು ಹೋದ.

ಎರಡು ತಿಂಗಳಿಗೆ ತಮ್ಮಯ್ಯ ಮತ್ತೆ ಬಂದ. ಬಾಗಿಲಲ್ಲೇ ಎರಡು ರಟ್ಟಿನ ಪೆಟ್ಟಿಗೆಗಳನ್ನು ದಬಾರೆಂದು ಹಾಕಿದ. ವಾಪಸ್ಸು ಬಂದ ಬೆಲ್ಲ. ವಿಡಿಯೋದಲ್ಲಿ ಬಂಗಾರದ ಬಣ್ಣ ತೋರಿಸಿ ಕರಿ ಬೆಲ್ಲ ಕಳಿಸಿದ್ದೀಯ, ಮೋಸಗಾರ ಎಂದು ಅರ್ಧ ಜನ ಬರೆದಿದ್ದರು. ವಿಡಿಯೋದಲ್ಲೇ ಗೊತ್ತಾಗುತ್ತದೆ, ಇದು ಪುಡಿ ಹಾಕಿದ ಬೆಲ್ಲ, ಬಾಯಲ್ಲಿ ಮಾತ್ರ ಶುದ್ಧ ಎನ್ನುತ್ತಾನೆ ಎಂದು ಉಳಿದ ಅರ್ಧ ಜನ ಉಗಿದಿದ್ದರು. ಮೋಸಗಾರನೆಂದು ಎರಡೂ ಕಡೆಯಿಂದ ಕರೆಸಿಕೊಂಡಿದ್ದ ತಮ್ಮಯ್ಯ.

"ಅವ್ರ ಫೋನು ಸರಿ ಇಲ್ಲ" ಎಂದ ಚಲುವರಾಜು.

"ಎಲ್ರ ಫೋನೂ ಕೆಟ್ಟೋಯ್ತಾ? ನಿನ್ ಪರದೇಲಿ ಆಕು. ಅವತ್ತು ನಾನೇ ನೋಡಿವ್ನಿ. ಆಕು."

ಚಲುವರಾಜು ವಿಡಿಯೋ ಹಾಕಿದ. ಬಟನ್ನುಗಳು ಮೊದಲಿನ ಜಾಗಕ್ಕೆ ಎಂದೋ ಮರಳಿದ್ದವು. ಪರದೆ ತುಂಬ ಹಳದಿ ಬೆಲ್ಲ ಹೊಳೆಯಿತು. ತಮ್ಮಯ್ಯ ಬಾಯಿ ತೆರೆಯುವ ಮೊದಲೇ ಚಲುವರಾಜುವಿನ ಎಡಗೈ, ಏಳು ವರ್ಷದ ಅಭ್ಯಾಸ, ಮಾನಿಟರಿನ ಅಡಿಗೆ ಜಾರಿತು. ಆಲೆಮನೆಯಲ್ಲಿ ಕೊಪ್ಪರಿಗೆ ಎತ್ತಿದ ಕೈ ಅವನ ಮಣಿಕಟ್ಟನ್ನು ಹಿಡಿಯಿತು.

"ಏನ್ಲಾ ಅದು, ಅಡೀಲಿ?"

ತಮ್ಮಯ್ಯ ಬಗ್ಗಿ ನೋಡಿದ, ಬಟನ್ನು ಒತ್ತಿದ. ಬೆಲ್ಲ ಕಂದಾಯಿತು. ವಾಪಸ್ಸು ಒತ್ತಿದ, ಹಳದಿಯಾಯಿತು. ಹಾಗೇ ನಾಲ್ಕೈದು ಸಲ ಮಾಡಿದ. ಬೈದಿದ್ದರೆ, ಕೆನ್ನೆಗೆ ಎರಡು ಬಿಗಿದಿದ್ದರೆ ಚಲುವರಾಜುವಿಗೂ ತಿರುಗಿಬೀಳಲು ಅನುಕೂಲವಾಗುತ್ತಿತ್ತು.

"ಪುಡಿ ಆಕು, ಬಣ್ಣ ಬತ್ತದೆ ಅಂತ ಊರೆಲ್ಲ ಏಳ್ತು" ಎಂದ ತಮ್ಮಯ್ಯ. "ಅನ್ನೊಂದು ವರ್ಸ ಮುಟ್ನಿಲ್ಲ ನಾನು. ನೀನು ಕೂತಲ್ಲೇ ಆಕ್ಬುಟ್ಟಲ್ಲ."

"ಇವತ್ತೇ ತಿದ್ದಿಕೊಡ್ತೀನಿ" ಎಂದು ಚಲುವರಾಜು ಹೊರಟವನ ಹಿಂದೆ ಮೆಟ್ಟಿಲವರೆಗೆ ಓಡಿದ. ಯಾರ ಹಿಂದೆಯೂ ಓಡಿದವನಲ್ಲ. ತಮ್ಮಯ್ಯ ತಿರುಗಿ ನೋಡಲಿಲ್ಲ.

ಮುಂದಿನ ತಿಂಗಳು ಅದೇ ವಿಡಿಯೋ ಹೊಸ ಬಣ್ಣದಲ್ಲಿ ಎಲ್ಲರ ಫೋನಿಗೂ ಬಂತು. ರಘುನಂದನ್ ಮಾಡಿದ್ದೆಂದು ಗೊತ್ತಾಗಿ ಚಲುವರಾಜುವಿಗೆ ಹೊಟ್ಟೆ ಉರಿಯಿತು. ತಪ್ಪು ಹುಡುಕಲೆಂದೇ ಮೊದಲು ತನ್ನ ದೊಡ್ಡ ಪರದೆಯಲ್ಲಿ ಹಾಕಿದ. ಬೆಲ್ಲ ಬೂದಿ ಬಡಿದಂತೆ ಕಂಡಿತು. ಹಿಗ್ಗಿಹೋದ. ಆಮೇಲೆ ಫೋನಿನಲ್ಲಿ ಹಾಕಿ, ಮೇಜಿನ ಮೇಲಿದ್ದ ಅಚ್ಚನ್ನು ಕಿಟಕಿಯ ಬೆಳಕಿನಲ್ಲಿ ಪಕ್ಕಕ್ಕಿಟ್ಟ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮನೆಯ ಟೀವಿಯಲ್ಲೂ ಇರಲಿಲ್ಲ, ಪಕ್ಕದ ಅಂಗಡಿಯವನ ಫೋನಿನಲ್ಲೂ ಇರಲಿಲ್ಲ. ಸೀರೆ ಹಿಡಿದು ಬಂದವರೆಲ್ಲ ಸರಿಯಾಗೇ ಹೇಳುತ್ತಿದ್ದರು. ಏಳು ವರ್ಷಗಳ ಉದ್ದಕ್ಕೂ ಮದುವೆ ಹೆಣ್ಣುಗಳನ್ನೆಲ್ಲ ಅರಿಶಿನದಲ್ಲಿ ಅದ್ದಿ ಕಳಿಸಿದ್ದ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಎರಡು ದಿನ ತಡೆದು ತಮ್ಮಯ್ಯನಿಗೆ ಫೋನು ಮಾಡಿದ. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬನ ಕೆಲಸವನ್ನು ಹೊಗಳಲು ಹೊರಟಿದ್ದ.

"ವಿಡಿಯೋ ನೋಡ್ದೆ ತಮ್ಮಯ್ಯ. ಬಣ್ಣ ಸರಿಯಾಗಿ ಬಂದದೆ. ನಿಂದೇ ಬೆಲ್ಲ."

"ಯಾವ್ ಪರದೇಲಿ ನೋಡ್ದೆ?" ಎಂದ ತಮ್ಮಯ್ಯ, ಉತ್ತರಕ್ಕೆ ಕಾಯದೆ ಫೋನಿಟ್ಟ.